ಸಕ್ಕರ್ ಮೀನು ಹೊಂಡ ತೊಳೆಯಲ್ಲ, ದಯವಿಟ್ಟು ಬಿಡಬೇಡಿ



‘ಕೃಷಿ ಹೊಂಡದಲ್ಲಿ ಪಾಚಿ ಕಟ್ಟಿದೆ, ಏನು ಮಾಡೋದು?’ ಅಂತ ಯಾರಾದರೂ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರೆ ಸಾಕು, ಐದು ನಿಮಿಷದಲ್ಲಿ ಹತ್ತು ಉತ್ತರ ಬರುತ್ತೆ. ಅದರಲ್ಲಿ ಒಂದು ಉತ್ತರ ಮಾತ್ರ ಖಾಯಂ: ‘ನಾಲ್ಕು ಸಕ್ಕರ್ ಮೀನು ತಂದು ಬಿಡಿ ಸಾರ್, ಎಲ್ಲಾ ಕ್ಲೀನ್ ಆಗುತ್ತೆ.’ ಪೇಟೆಯ ಅಕ್ವೇರಿಯಂ ಅಂಗಡಿಗಳಲ್ಲಿ ಈ ಮೀನು ಸುಲಭವಾಗಿ ಸಿಗುತ್ತೆ. ಬೆರಳುದ್ದದ ಮರಿ, ಬೆಲೆಯೂ ಕಡಿಮೆ. ಗಾಜಿಗೆ ಬಾಯಿ ಅಂಟಿಸಿಕೊಂಡು ಸುಮ್ಮನೆ ಇರುವ ಅದನ್ನು ನೋಡಿದರೆ ಪಾಪದ ಜೀವ ಅಂತಲೇ ಅನ್ನಿಸುತ್ತೆ.

ಈ ವಾರ ನಾನು ಹೇಳೋದು ಒಂದೇ ಮಾತು. ಆ ಸಲಹೆಯನ್ನು ಕೇಳಬೇಡಿ, ಬೇರೆಯವರಿಗೂ ಕೊಡಬೇಡಿ. ಯಾಕೆ ಅಂತ ತಿಳಿಯಬೇಕಾದರೆ ಆ ಮೀನಿನ ಹುಟ್ಟೂರು, ಮೈಕಟ್ಟು, ನಡವಳಿಕೆ ಎಲ್ಲ ಸ್ವಲ್ಪ ಗೊತ್ತಿರಬೇಕು. ‘ವಿಜ್ಞಾನಿಗಳು ಬೇಡ ಅಂದಿದ್ದಾರೆ’ ಅಂತ ಬರೀ ಒಂದು ಸಾಲು ಬರೆದರೆ ನೀವು ಒಪ್ಪಲ್ಲ, ಒಪ್ಪಬೇಕಾಗಿಯೂ ಇಲ್ಲ.

ಯಾವೂರಿನ ಮೀನು ಇದು?

ನಾವು ಸಕ್ಕರ್ ಮೀನು, ಟ್ಯಾಂಕ್ ಕ್ಲೀನರ್ ಅಂತ ಕರೆಯೋ ಈ ಮೀನಿನ ವೈಜ್ಞಾನಿಕ ಕುಲ ಟೆರಿಗೊಪ್ಲಿಕ್ತಿಸ್. ದಕ್ಷಿಣ ಅಮೆರಿಕದ ಅಮೆಜಾನ್, ಒರಿನೊಕೊ, ಪರಾನಾದಂಥ ದೊಡ್ಡ ನದಿಗಳೇ ಇದರ ತವರು. ಇದು ಕ್ಯಾಟ್‌ಫಿಶ್ ಜಾತಿಗೆ ಸೇರಿದ್ದು. ಆದರೆ ನಮ್ಮ ಮುರುಗೋಡು ಮೀನಿನ ಹಾಗೆ ನುಣ್ಣನೆ ಮೈ ಅಲ್ಲ. ತಲೆಯಿಂದ ಬಾಲದವರೆಗೆ ಸಾಲು ಸಾಲಾಗಿ ಮೂಳೆಯ ಹಲಗೆಗಳು, ಹಳೇ ಕಾಲದ ಸೈನಿಕರು ತೊಡ್ತಿದ್ದ ಕವಚದ ಥರ. ಬಾಯಿ ಇರೋದು ತಲೆಯ ಕೆಳಗೆ, ದುಂಡಗೆ. ಆ ಬಾಯಲ್ಲಿ ಕಲ್ಲು, ಮರದ ದಿಮ್ಮಿಗಳಿಗೆ ಕಚ್ಚಿಕೊಂಡು ಬಾಚಣಿಗೆಯಂಥ ಸಣ್ಣ ಹಲ್ಲುಗಳಿಂದ ಪಾಚಿಯನ್ನು ಕೆರೆದು ತಿನ್ನುತ್ತೆ. ತಳದಲ್ಲಿ ಕೂತ ಕೊಳೆತ ಎಲೆ, ಕೆಸರಿನ ಸಾವಯವ ಪದಾರ್ಥವನ್ನೂ ಹೀರುತ್ತೆ.

ತವರಿನಲ್ಲಿ ಇದನ್ನು ಯಾರೂ ಪೀಡೆ ಅಂತ ನೋಡಲ್ಲ. ಬ್ರೆಜಿಲ್‌ನ ಅಮೆಜಾನ್ ಸೀಮೆಯಲ್ಲಿ ಇದರ ಹೆಸರು ಅಕಾರಿ ಅಥವಾ ಬೊಡೊ. ಅಲ್ಲಿಯವರು ಇಡೀ ಮೀನನ್ನು ಚಿಪ್ಪಿನ ಸಮೇತ ಕೆಂಡದಲ್ಲಿ ಸುಟ್ಟು ತಿಂತಾರೆ. ಒಣಗಿಸಿ ಪುಡಿ ಮಾಡಿ ‘ಪಿರಾಕುಯಿ’ ಅನ್ನೋ ಮೀನಿನ ಹಿಟ್ಟು ಮಾಡಿಟ್ಟುಕೊಂಡು ತಿಂಗಳುಗಟ್ಟಲೆ ಬಳಸ್ತಾರೆ. ಪೆರುವಿನಲ್ಲಿ ಇದರ ಬಂಧುಗಳಿಗೆ ಕರಾಚಮ ಅಂತಾರೆ, ಅದರ ಸಾರು ಅಲ್ಲಿ ಹೆಸರುವಾಸಿ. ನದಿಯಲ್ಲಿ ಮೊಸಳೆಯ ಬಳಗದ ಕೈಮನ್, ದೊಡ್ಡ ನೀರುನಾಯಿ, ದೊಡ್ಡ ಬೇಟೆ ಮೀನುಗಳು ಇದನ್ನು ತಿನ್ನುತ್ತವೆ. ಮನುಷ್ಯರೂ ತಿಂತಾರೆ. ಹೀಗೆ ನಾಲ್ಕು ಕಡೆಯಿಂದ ಲಗಾಮು ಇರೋದರಿಂದ ಅಲ್ಲಿ ಇದು ತನ್ನ ಪಾಡಿಗೆ ತಾನಿರುತ್ತೆ.

ಹಾಗಾಗಿ ಫೇಸ್‌ಬುಕ್‌ನಲ್ಲಿ ಓಡಾಡೋ ‘ದೆವ್ವದ ಮೀನು, ಮುಟ್ಟಿದರೆ ವಿಷ’ ಅನ್ನೋ ವಿಡಿಯೊಗಳನ್ನು ನಂಬಬೇಡಿ. ಇದರಲ್ಲಿ ವಿಷ ಇಲ್ಲ. ರೆಕ್ಕೆಯ ಮುಂದಿನ ಮುಳ್ಳು ಚೂಪಾಗಿರೋದರಿಂದ ಕೈ ಗೀರಬಹುದು, ಅಷ್ಟೇ. ಮೀನಿನ ತಪ್ಪು ಇಲ್ಲಿ ಏನೂ ಇಲ್ಲ. ತನ್ನ ಊರಿನಲ್ಲಿ ಬದುಕೋಕೆ ಬೇಕಾದ ಗುಣಗಳನ್ನು ಅದು ಹೊತ್ತು ತಂದಿದೆ. ಆ ಗುಣಗಳೇ ನಮ್ಮ ಕೆರೆಗೆ ಮುಳುವಾಗ್ತಿವೆ.

ಇಷ್ಟು ಗಟ್ಟಿ ಜೀವ ಹೇಗೆ?

ಅಮೆಜಾನ್ ಬಯಲಿನಲ್ಲಿ ಮಳೆಗಾಲದಲ್ಲಿ ಕಾಡೆಲ್ಲ ಮುಳುಗುತ್ತೆ, ಬೇಸಿಗೆಯಲ್ಲಿ ಹೊಂಡಗಳು ಒಣಗಿ ನೀರು ಕೆಡುತ್ತೆ. ಅಂಥ ಕಡೆ ಬದುಕೋಕೆ ಈ ಮೀನು ನಾಲ್ಕು ಉಪಾಯ ಕಲಿತಿದೆ.

ಒಂದು, ಗಾಳಿ ಕುಡಿಯೋದು. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಮೇಲಕ್ಕೆ ಬಂದು ಗಾಳಿ ನುಂಗುತ್ತೆ. ಇದರ ಹೊಟ್ಟೆಯ ಗೋಡೆಯಲ್ಲಿ ರಕ್ತನಾಳಗಳು ದಟ್ಟವಾಗಿವೆ, ಆ ಹೊಟ್ಟೆಯೇ ಶ್ವಾಸಕೋಶದ ಕೆಲಸ ಮಾಡುತ್ತೆ. ಮೋಡ ಮುಸುಕಿದ ಬೆಳಗ್ಗೆ ಆಮ್ಲಜನಕ ಇಳಿದು ನಿಮ್ಮ ಕಾಟ್ಲಾ, ರೋಹು ಬಾಯಿ ಬಿಡ್ತಾ ತೇಲುವಾಗ ಈ ಮೀನಿಗೆ ಏನೂ ಆಗಿರಲ್ಲ. ಮೈ ಒದ್ದೆಯಾಗಿದ್ದರೆ ನೀರಿನ ಹೊರಗೂ ಹಲವು ಗಂಟೆ ಬದುಕಿರುತ್ತೆ. ಬಲೆಯಿಂದ ಬಿಡಿಸಿ ಏರಿಯ ಮೇಲೆ ಎಸೆದ ಮೀನು ಸತ್ತಿದೆ ಅಂದುಕೊಂಡು ಮನೆಗೆ ಹೋದರೆ, ಅದು ಒದ್ದಾಡಿಕೊಂಡು ಮತ್ತೆ ನೀರು ಸೇರಿರಬಹುದು.

ಎರಡು, ಕವಚ. ನಮ್ಮ ಕೆರೆಯ ಕುಚ್ಚು ಮೀನು, ನೀರುಕಾಗೆ, ಬೆಳ್ಳಕ್ಕಿಗಳು ಸಣ್ಣ ಮರಿಯನ್ನು ತಿಂದರೂ ತಿನ್ನಬಹುದು. ಒಂದು ಅಡಿ ಬೆಳೆದ ಮೇಲೆ ಮುಟ್ಟೋಕೆ ಹೋಗಲ್ಲ. ಮುಳ್ಳು ಬಿಚ್ಚಿ ನಿಂತರೆ ನುಂಗಿದ ಹಕ್ಕಿಯ ಗಂಟಲೇ ಹರಿಯುತ್ತೆ.

ಮೂರು, ಬಿಲ. ಸಂತಾನದ ಕಾಲ ಬಂದಾಗ ಗಂಡು ಮೀನು ದಡದ ಮಣ್ಣಿನಲ್ಲಿ ಅಡ್ಡಡ್ಡ ಬಿಲ ತೋಡುತ್ತೆ, ಸುಮಾರು ಒಂದರಿಂದ ಒಂದೂವರೆ ಮೀಟರ್ ಉದ್ದ. ಹೆಣ್ಣು ಅದರೊಳಗೆ ಮೊಟ್ಟೆ ಇಟ್ಟು ಹೋದ ಮೇಲೆ ಗಂಡು ಬಾಗಿಲಲ್ಲೇ ಕಾವಲು ಕೂರುತ್ತೆ. ಕಾಟ್ಲಾ, ರೋಹು ಲಕ್ಷಗಟ್ಟಲೆ ಮೊಟ್ಟೆ ಬಿಟ್ಟರೂ ಕಾಯೋರಿಲ್ಲದೆ ಬಹುಪಾಲು ಹಾಳಾಗುತ್ತೆ. ಇದರ ಮೊಟ್ಟೆ ನೂರಾರು, ದೊಡ್ಡ ಹೆಣ್ಣಾದರೆ ಕೆಲವು ಸಾವಿರ. ಆದರೆ ಕಾವಲಿದ್ದುದರಿಂದ ಮರಿಯಾಗಿ ಉಳಿಯೋ ಪಾಲು ಹೆಚ್ಚು. ನೀರು ಇಳಿದಾಗ ಒದ್ದೆ ಬಿಲದಲ್ಲೇ ಅಡಗಿ ಕಾಲ ತಳ್ಳೋದೂ ಉಂಟು.

ನಾಲ್ಕು, ಹೊಟ್ಟೆಪಾಡು ಸುಲಭ. ಪಾಚಿ, ಕೆಸರು ಇಲ್ಲದ ಕೆರೆ ಎಲ್ಲಿದೆ? ಇದಕ್ಕೆ ಊಟದ ಕೊರತೆಯೇ ಬರಲ್ಲ.

ಅಂಗಡಿಯಲ್ಲಿ ಬೆರಳುದ್ದ ಇದ್ದದ್ದು ಒಂದೂವರೆ ಅಡಿಯವರೆಗೂ ಬೆಳೆಯುತ್ತೆ ಅನ್ನೋದನ್ನು ಅಂಗಡಿಯವರು ಹೇಳಲ್ಲ. ಮನೆಯ ಗಾಜಿನ ತೊಟ್ಟಿ ಸಾಲದಾಗ ಜನ ಏನು ಮಾಡ್ತಾರೆ? ಸಾಯಿಸೋಕೆ ಮನಸ್ಸು ಬರಲ್ಲ. ‘ಪಾಪ, ಬದುಕಿಕೊಳ್ಳಲಿ’ ಅಂತ ಹತ್ತಿರದ ಕೆರೆಗೆ ಬಿಡ್ತಾರೆ. ನಮ್ಮ ದೇಶದ ನೀರಿಗೆ ಈ ಮೀನು ಸೇರಿದ್ದು ಬಹುಮಟ್ಟಿಗೆ ಹೀಗೆ, ಕರುಣೆಯ ದಾರಿಯಲ್ಲಿ.

ಕ್ಲೀನ್ ಮಾಡುತ್ತಾ ಅಂದರೆ…

ಈಗ ಮುಖ್ಯ ಪ್ರಶ್ನೆಗೆ ಬರೋಣ. ಪಾಚಿ ತಿನ್ನುತ್ತೆ ಅಂದಮೇಲೆ ಹೊಂಡ ಕ್ಲೀನ್ ಆಗಬೇಕಲ್ವಾ?

ಆಗಲ್ಲ. ಹೊಂಡದಲ್ಲಿ ಪಾಚಿ ಬರೋದು ಯಾಕೆ? ನೀರಿನಲ್ಲಿ ಸಾರಜನಕ, ರಂಜಕ ಹೆಚ್ಚಾಗಿರುತ್ತೆ. ಹೊಲಕ್ಕೆ ಹಾಕಿದ ಯೂರಿಯಾ, ಡಿಎಪಿ ಮಳೆಗೆ ತೊಳೆದು ಬಂದಿರುತ್ತೆ, ಕೊಟ್ಟಿಗೆಯ ಗಂಜಲ ಹರಿದು ಬಂದಿರುತ್ತೆ. ಮೇಲೆ ಬಿಸಿಲು ಬೇರೆ. ಮೀನು ಪಾಚಿ ತಿಂದು ಹಿಕ್ಕೆ ಹಾಕೋದು ಅದೇ ನೀರಿಗೆ. ಗೋಡೆಗೆ ಅಂಟಿದ್ದ ಪಾಚಿ ಕಾಣೆಯಾಗುತ್ತೆ, ಅದರ ಗೊಬ್ಬರ ನೀರಿನಲ್ಲೇ ಉಳಿಯುತ್ತೆ. ಸ್ವಲ್ಪ ದಿನಕ್ಕೆ ನೀರೇ ಹಸಿರಾಗುತ್ತೆ. ಮೆಕ್ಸಿಕೊ ದೇಶದ ಚಕಾಮಾಕ್ಸ್ ಅನ್ನೋ ನದಿಯಲ್ಲಿ ಇದರ ಮೇಲೆ ಅಧ್ಯಯನ ನಡೆದಿದೆ. ಈ ಮೀನು ಗುಂಪುಗೂಡಿದ ಕಡೆಯಲ್ಲೆಲ್ಲ ಅದರ ವಿಸರ್ಜನೆಯಿಂದ ನೀರಿನ ಪೋಷಕಾಂಶದ ಲೆಕ್ಕವೇ ಬದಲಾಗಿದ್ದು ಕಂಡುಬಂತು.

ಇನ್ನೊಂದು ತೊಂದರೆ ಊಟದ ಪೈಪೋಟಿ. ಕೆರೆಯ ಮೀನು ಸಾಕಣೆಯ ಲೆಕ್ಕ ನಿಮಗೆ ಗೊತ್ತಿದೆ: ಮೇಲ್ಪದರಕ್ಕೆ ಕಾಟ್ಲಾ, ನಡುವಿಗೆ ರೋಹು, ತಳಕ್ಕೆ ಮೃಗಾಲ್ ಅಥವಾ ಸಾಮಾನ್ಯ ಗೆಂಡೆ. ತಳದ ಊಟ ಮೃಗಾಲ್ ಪಾಲಿನದು. ಸಕ್ಕರ್ ಮೀನು ಕೂರೋದೂ ಅಲ್ಲೇ. ನೀವು ಹಾಕಿದ ತೌಡು, ಹಿಂಡಿ ತಳಕ್ಕೆ ಇಳಿದರೆ ಅದನ್ನೂ ಇದೇ ಮುಕ್ಕುತ್ತೆ. ಸಂತೆಯಲ್ಲಿ ಮೃಗಾಲ್‌ಗೆ ಕೆ.ಜಿ.ಗೆ ಇಷ್ಟು ಅಂತ ದರ ಇದೆ, ಸಕ್ಕರ್ ಮೀನನ್ನು ಯಾರೂ ಕೊಳ್ಳಲ್ಲ. ಮೇವು ನಿಮ್ಮದು, ಬೆಳೆದದ್ದು ಕವಚ.

ಮೊಟ್ಟೆಯ ವಿಷಯವೂ ಇದೆ. ಇದು ಬೇಟೆಗಾರ ಮೀನಲ್ಲ. ಆದರೆ ತಳ ಕೆರೆಯುವಾಗ ಅಲ್ಲಿ ಅಂಟಿಕೊಂಡ ಬೇರೆ ಮೀನುಗಳ ಮೊಟ್ಟೆಯೂ ಜೊತೆಗೇ ಹೊಟ್ಟೆ ಸೇರುತ್ತೆ. ನಮ್ಮ ಕೆರೆಗಳಲ್ಲಿ ಯಾರೂ ಬಿತ್ತದೆ ತಾನಾಗಿ ಬೆಳೆಯೋ ನಾಟಿ ಮೀನುಗಳಿಗೆ ಇದು ದೊಡ್ಡ ಪೆಟ್ಟು.

ಹೋದ ಕಡೆಯೆಲ್ಲ ಏನು ಮಾಡಿತು?

ಮೆಕ್ಸಿಕೊದಲ್ಲಿ ಇನ್ಫಿಯೆರ್ನಿಯೊ ಅನ್ನೋ ದೊಡ್ಡ ಜಲಾಶಯ ಇದೆ. ಒಂದು ಕಾಲಕ್ಕೆ ಅದು ಆ ದೇಶದ ಹೆಸರಾಂತ ತಿಲಾಪಿಯ ಮೀನುಗಾರಿಕೆಯ ಜಾಗ. ಸಾವಿರಾರು ಸಂಸಾರಗಳು ಅದನ್ನೇ ನಂಬಿದ್ದವು. ಸಕ್ಕರ್ ಮೀನು ಸೇರಿಕೊಂಡು ಹೆಚ್ಚಿದ ಮೇಲೆ ಬಲೆ ಎಳೆದರೆ ತಿಲಾಪಿಯಕ್ಕಿಂತ ಇದೇ ಹೆಚ್ಚು ಬರೋಕೆ ಶುರುವಾಯಿತು. ಮುಳ್ಳಿಗೆ ಬಲೆ ಹರಿಯುತ್ತೆ, ಬಿಡಿಸೋಕೆ ಹೊತ್ತು ಹೋಗುತ್ತೆ, ಕೊಳ್ಳೋರಿಲ್ಲ. ಅಲ್ಲಿಯವರು ಇದಕ್ಕಿಟ್ಟ ಹೆಸರು ‘ಪೆಸ್ ಡಿಯಾಬ್ಲೊ’, ಅಂದರೆ ಸೈತಾನ ಮೀನು. ಹೆಸರು ಬಂದದ್ದು ಹೊಟ್ಟೆಯುರಿಯಿಂದ.

ಅಮೆರಿಕದ ಫ್ಲೋರಿಡಾದಲ್ಲಿ ಬಿಲಗಳಿಂದ ಕಾಲುವೆ, ಕೆರೆಗಳ ದಡ ಕುಸಿಯೋದು ದೊಡ್ಡ ತಲೆನೋವು. ಅಲ್ಲಿನ ವೊಲೂಸಿಯಾ ಬ್ಲೂ ಸ್ಪ್ರಿಂಗ್ ಅನ್ನೋ ಬುಗ್ಗೆಯಲ್ಲಿ ಚಳಿಗಾಲ ಕಳೆಯೋಕೆ ಬರುವ ಮ್ಯಾನಟಿ ಅನ್ನೋ ಕಡಲಹಸುಗಳ ಮೈಮೇಲಿನ ಪಾಚಿಗೂ ಈ ಮೀನು ಕಚ್ಚಿಕೊಂಡು ಅವನ್ನು ನೆಮ್ಮದಿಯಾಗಿ ಮಲಗೋಕೆ ಬಿಡಲ್ಲ. ನೆರೆಯ ಬಾಂಗ್ಲಾದೇಶ 2023ರಲ್ಲಿ ಸಕ್ಕರ್ ಮೀನನ್ನು ನಿಷೇಧಿಸಿತು.

ನಮ್ಮ ದೇಶದಲ್ಲೂ ಇದು ಹೊಸ ಸುದ್ದಿಯಲ್ಲ. ಕೇರಳದ ತಿರುವನಂತಪುರದ ಕಾಲುವೆಯಲ್ಲಿ, ಕೋಲ್ಕತ್ತಾ ಪೂರ್ವದ ಜೌಗು ಪ್ರದೇಶದ ಮೀನುಕೆರೆಗಳಲ್ಲಿ, 2020ರಲ್ಲಿ ವಾರಣಾಸಿಯ ಗಂಗೆಯಲ್ಲಿ ಇದು ಸಿಕ್ಕಿದೆ. ಆಂಧ್ರ, ತೆಲಂಗಾಣ, ತಮಿಳುನಾಡಿನ ಬೆಸ್ತರು ಬಲೆ ಹರಿದ ಕಥೆಯನ್ನು ವರ್ಷಗಳಿಂದ ಹೇಳ್ತಿದ್ದಾರೆ. ಹೈದರಾಬಾದ್‌ನ ಸಿಸಿಎಂಬಿ ವಿಜ್ಞಾನಿಗಳು ಪೂರ್ವ ಘಟ್ಟದ ಕೆರೆಗಳಲ್ಲಿ ಇದನ್ನು ಹುಡುಕಿದ ರೀತಿ ಕೇಳಿದರೆ ನಿಮಗೆ ಖುಷಿಯಾಗುತ್ತೆ. ಮೀನು ಹಿಡಿಯಲೇ ಇಲ್ಲ. ಕೆರೆಯ ನೀರನ್ನು ಬಾಟಲಿಯಲ್ಲಿ ತಂದು, ಮೀನಿನ ಮೈಯಿಂದ ಉದುರಿ ನೀರಿನಲ್ಲಿ ಸೇರಿರೋ ಡಿಎನ್‌ಎ ಪರೀಕ್ಷೆ ಮಾಡಿ ಇದೆಯಾ ಇಲ್ಲವಾ ಅಂತ ಪತ್ತೆ ಮಾಡಿದರು. ಬಹಳ ಕೆರೆಗಳಲ್ಲಿ ಇದೆ ಅನ್ನೋದೇ ಉತ್ತರ.

ನಮ್ಮ ಕೆರೆಗಳು ಒಂದಕ್ಕೊಂದು ಪೋಣಿಸಿದ ಸರ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಕಡೆಯವರು ಇದನ್ನು ಗಮನವಿಟ್ಟು ಓದಿ. ನಮ್ಮ ಹಿರಿಯರು ಕೆರೆಗಳನ್ನು ಸರಪಳಿಯ ಹಾಗೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ನೀರಿಗೆ ಇದು ಎಷ್ಟು ಒಳ್ಳೆಯ ವ್ಯವಸ್ಥೆಯೋ, ಬೇಡದ ಮೀನಿಗೂ ಅಷ್ಟೇ ಒಳ್ಳೆಯ ಹೆದ್ದಾರಿ. ನಿಮ್ಮ ಹೊಂಡಕ್ಕೆ ಬಿಟ್ಟ ನಾಲ್ಕು ಮೀನು ಒಂದು ದೊಡ್ಡ ಮಳೆಗೆ ಹಳ್ಳ ಸೇರಿದರೆ ಮುಂದಿನದು ನಿಮ್ಮ ಕೈಲಿಲ್ಲ.

‘ನಮ್ಮದು ಪ್ಲಾಸ್ಟಿಕ್ ಹಾಸಿದ ಹೊಂಡ, ಅಲ್ಲಿ ಬಿಲ ತೋಡೋಕೆ ಆಗಲ್ಲ’ ಅಂತ ಹೇಳಬಹುದು. ಸರಿಯೇ, ಹಾಳೆಯ ಮೇಲೆ ಮಣ್ಣಿಲ್ಲ. ಆದರೆ ಆ ಹೊಂಡ ತುಂಬಿ ಹರಿಯಲ್ಲ ಅಂತ ಯಾರು ಬರೆದುಕೊಟ್ಟಿದ್ದಾರೆ? ಹೊಂಡದ ಪಕ್ಕದ ಮಣ್ಣಿನ ಕಟ್ಟೆ, ಅದರಾಚೆಯ ಚೆಕ್ ಡ್ಯಾಂ, ಅದರ ಕೆಳಗಿನ ಕೆರೆ ಎಲ್ಲವೂ ಮಣ್ಣಿನವೇ. ಏಡಿ, ಹೆಗ್ಗಣ ಬಿಲ ತೋಡಿದ ಬದು ಮಳೆಗಾಲದಲ್ಲಿ ಹೇಗೆ ಸೋರುತ್ತೆ, ಹೇಗೆ ಒಡೆಯುತ್ತೆ ಅಂತ ಗದ್ದೆ ಮಾಡೋರಿಗೆ ನಾನು ಹೇಳಬೇಕಾಗಿಲ್ಲ. ಅದೇ ಕೆಲಸವನ್ನು ನೀರಿನ ಮಟ್ಟದ ಕೆಳಗೆ, ಕಣ್ಣಿಗೆ ಕಾಣದ ಹಾಗೆ, ಒಂದೂವರೆ ಮೀಟರ್ ಆಳಕ್ಕೆ ಮಾಡಿದರೆ ಹೇಗಿರುತ್ತೆ ಯೋಚಿಸಿ. ಕಲ್ಲು ಕಟ್ಟಿದ ದೊಡ್ಡ ಕೆರೆ ಏರಿ ತಡೆದೀತು. ಹಿತ್ತಲ ಮೀನುಹೊಂಡದ ಹಸಿ ಮಣ್ಣಿನ ಕಟ್ಟೆ ತಡೆಯಲ್ಲ.

ಇನ್ನೊಂದು ಮಾತು. ಮೊದಲೆಲ್ಲ ಬಯಲುಸೀಮೆಯ ಕೆರೆಗಳು ಬೇಸಿಗೆಯಲ್ಲಿ ಪೂರ್ತಿ ಒಣಗಿ ಬಿರುಕು ಬಿಡ್ತಿದ್ದವು. ಬೇಡದ ಮೀನು ಏನಿದ್ದರೂ ಅಲ್ಲಿಗೆ ಲೆಕ್ಕ ಚುಕ್ತಾ. ಈಗ ಕೆ.ಸಿ. ವ್ಯಾಲಿಯಂಥ ಯೋಜನೆಗಳಿಂದ ಕೋಲಾರದ ಎಷ್ಟೋ ಕೆರೆಗಳಲ್ಲಿ ವರ್ಷವಿಡೀ ನೀರು ನಿಲ್ಲುತ್ತೆ. ಅಂತರ್ಜಲಕ್ಕೆ ಅದು ಒಳ್ಳೆಯದೇ ಆದರೂ, ಒಮ್ಮೆ ಸೇರಿದ ಮೀನನ್ನು ಖಾಲಿ ಮಾಡೋ ಪ್ರಕೃತಿಯ ದಾರಿ ಮುಚ್ಚಿಹೋಯಿತು. ಬತ್ತದ ಕೆರೆಯಲ್ಲಿ ಬೇರೂರಿದ ಸಕ್ಕರ್ ಮೀನನ್ನು ಬಲೆ ಹಾಕಿ ಮುಗಿಸುತ್ತೇವೆ ಅನ್ನೋದು ಕನಸಿನ ಮಾತು.

‘ಕಾಟ್ಲಾ, ಗೆಂಡೆಯೂ ಹೊರಗಿನದೇ ಅಲ್ವಾ?’

ಒಳ್ಳೆಯ ಪ್ರಶ್ನೆ, ತಳ್ಳಿಹಾಕೋ ಹಾಗಿಲ್ಲ. ಕಾಟ್ಲಾ, ರೋಹು, ಮೃಗಾಲ್ ಉತ್ತರದ ನದಿಗಳ ಮೀನು, ದಕ್ಷಿಣಕ್ಕೆ ನಾವೇ ತಂದದ್ದು. ಹುಲ್ಲುಗೆಂಡೆ, ಬೆಳ್ಳಿಗೆಂಡೆ 1959ರಲ್ಲಿ ಹೊರದೇಶದಿಂದ ಬಂದವು. ನಾವು ಜಿಲೇಬಿ ಅಂತ ಕರೆಯೋ ತಿಲಾಪಿಯ ಆಫ್ರಿಕಾದ್ದು, 1952ರಲ್ಲಿ ಭಾರತಕ್ಕೆ ಕಾಲಿಟ್ಟಿತು.

ಹೊರಗಿನದೆಲ್ಲ ಕೆಟ್ಟದ್ದು ಅಂತ ನನ್ನ ವಾದ ಅಲ್ಲ. ಹಾಗಂದರೆ ಮೆಣಸಿನಕಾಯಿ, ಟೊಮ್ಯಾಟೊ, ಜೋಳ ಎಲ್ಲ ಬಿಡಬೇಕಾಗುತ್ತೆ. ನಾನು ಕೇಳೋದು ಎರಡೇ ಪ್ರಶ್ನೆ. ನಮ್ಮ ಹತೋಟಿಯಲ್ಲಿ ಇರುತ್ತಾ? ತಂದಿದ್ದರಿಂದ ಯಾರಿಗೆ ಲಾಭ? ಹುಲ್ಲುಗೆಂಡೆ, ಬೆಳ್ಳಿಗೆಂಡೆ ನಿಂತ ನೀರಿನ ಹೊಂಡದಲ್ಲಿ ತಾವಾಗಿ ಮರಿ ಮಾಡಲ್ಲ. ಬಿತ್ತಿದಷ್ಟೇ ಇರುತ್ತೆ, ಹಿಡಿದು ಮಾರಿದರೆ ಮುಗೀತು. ಜಿಲೇಬಿ ವಿಷಯದಲ್ಲಿ ಈ ಪ್ರಶ್ನೆ ಯಾರೂ ಕೇಳಲಿಲ್ಲ. ಬಡವರ ಪ್ರೋಟೀನ್ ಅಂತ ತಂದರು. ಅದು ವರ್ಷಕ್ಕೆ ಹಲವು ಸಲ ಮರಿ ಮಾಡಿ, ಕೆರೆಗಳಲ್ಲಿ ತುಂಬಿ, ಬೆರಳಷ್ಟೇ ಬೆಳೆದು ನಿಂತಿತು. ಆದರೂ ಜಿಲೇಬಿಯನ್ನು ಜನ ತಿಂತಾರೆ, ಸಂತೆಯಲ್ಲಿ ನಾಲ್ಕು ಕಾಸು ಬರುತ್ತೆ. ಸಕ್ಕರ್ ಮೀನಿನಲ್ಲಿ ಹತೋಟಿಯೂ ಇಲ್ಲ, ಕಾಸೂ ಇಲ್ಲ. ಕಾಂಗ್ರೆಸ್ ಗಿಡ, ಲಂಟಾನ, ಕೆರೆ ತುಂಬಾ ಹಬ್ಬಿದ ನೇರಳೆ ಹೂವಿನ ಅಂತರಗಂಗೆ ಇವುಗಳ ಸಾಲಿಗೆ ಸೇರೋ ಮೀನು ಇದು.

‘ಇದರಿಂದಲೇ ದುಡ್ಡು ಮಾಡೋಣ’ ಅನ್ನೋರಿಗೆ

ಯೂಟ್ಯೂಬ್‌ನಲ್ಲಿ ಈಗ ಇನ್ನೊಂದು ಗಾಳಿ ಬೀಸ್ತಿದೆ: ಸಕ್ಕರ್ ಮೀನಿನಿಂದ ಗೊಬ್ಬರ, ಕೋಳಿ ಆಹಾರ, ಮೀನಿನ ಹುಡಿ. ಮೆಕ್ಸಿಕೊದಲ್ಲಿ ಮೀನುಹುಡಿ, ಗೊಬ್ಬರ ಮಾಡೋ ಪ್ರಯತ್ನ ನಡೆದಿದ್ದು ನಿಜ. ಬಲೆಗೆ ಬಿದ್ದದ್ದನ್ನು ಬಳಸೋದಕ್ಕೆ ನನ್ನ ತಕರಾರಿಲ್ಲ. ಬೆಲ್ಲ ಸೇರಿಸಿ ಕೊಳೆಸಿ ಮೀನಿನ ಅಮಿನೋ ದ್ರಾವಣ ಮಾಡೋದು ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತು. ಇದನ್ನೂ ಕತ್ತರಿಸಿ ಹಾಗೆ ಮಾಡಬಹುದು, ಮೂಳೆಯ ಹಲಗೆ ಮಾತ್ರ ಬೇಗ ಕರಗಲ್ಲ, ಸೋಸಿ ತಿಪ್ಪೆಗೆ ಹಾಕಿ.

ನನ್ನ ಭಯ ಬೇರೆ. ಒಂದು ಪೀಡೆಗೆ ಬೆಲೆ ಕಟ್ಟಿದ ದಿನವೇ ಅದನ್ನು ಸಾಕೋರು ಹುಟ್ಟಿಕೊಳ್ತಾರೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ನಮ್ಮ ದೇಶದಲ್ಲಿ ನಿಷೇಧ ಇದೆ. ಆದರೂ ಕದ್ದು ಸಾಕೋದು ನಿಂತಿಲ್ಲ, ಯಾಕೆಂದರೆ ಮಾರಾಟವಾಗುತ್ತೆ. ಸಕ್ಕರ್ ಮೀನಿಗೂ ಅಂಥ ಮಾರುಕಟ್ಟೆ ಬಂದರೆ ಅದಿಲ್ಲದ ಕೆರೆಗೂ ತಂದು ಬಿಡೋರಿರ್ತಾರೆ. ಸಿಕ್ಕಿದ್ದನ್ನು ಗೊಬ್ಬರ ಮಾಡಿ, ಗೊಬ್ಬರಕ್ಕಾಗಿ ಬೆಳೆಸಬೇಡಿ. ಇನ್ನು ತಿನ್ನೋ ವಿಷಯ: ಮಾಂಸ ವಿಷವಲ್ಲ. ಆದರೆ ಊರ ಚರಂಡಿ, ಕಾರ್ಖಾನೆ ನೀರು ಸೇರೋ ಕೆರೆಯ ತಳದಲ್ಲಿ ಸೀಸದಂಥ ಲೋಹಗಳು ಕೂತಿರುತ್ತವೆ, ತಳ ಮೇಯೋ ಮೀನಿನ ಮೈಗೂ ಅವು ಸೇರುತ್ತವೆ. ಅಂಥ ಕೆರೆಯ ಮೀನನ್ನು ತಿನ್ನದಿರೋದೇ ಒಳ್ಳೆಯದು.

ನಮ್ಮದೇ ಕಲ್ಲುಕಚ್ಚುವ ಮೀನನ್ನು ಕೊಲ್ಲಬೇಡಿ

ಈ ಲೇಖನ ಓದಿ ಬಂಡೆಗೆ ಅಂಟಿಕೊಂಡ ಮೀನನ್ನೆಲ್ಲ ಹಿಡಿದು ಬಿಸಾಕಬೇಡಿ. ಮಲೆನಾಡಿನ ಹಳ್ಳ, ತೊರೆಗಳಲ್ಲಿ ಗಾರ ಕುಲದ ಪುಟ್ಟ ಮೀನುಗಳಿವೆ. ಗದ್ದದ ಕೆಳಗೆ ಬಟ್ಟಲಿನಂಥ ಹೀರುಬಿಲ್ಲೆ ಇರುತ್ತೆ, ಅದರಿಂದ ಹರಿಯೋ ನೀರಿನಲ್ಲೂ ಕಲ್ಲಿಗೆ ಗಟ್ಟಿಯಾಗಿ ಕೂತು ಪಾಚಿ ಮೇಯುತ್ತವೆ. ಸಾವಿರಾರು ವರ್ಷದಿಂದ ಇಲ್ಲೇ ಇರೋ ಮೀನು, ಹಳ್ಳದ ಲೆಕ್ಕದೊಳಗೇ ಇದೆ.

ಗುರುತು ಸುಲಭ. ಗಾರ ಸಾಮಾನ್ಯವಾಗಿ ಅಂಗೈಯಷ್ಟೇ ಉದ್ದ, ಮೈಮೇಲೆ ಮಾಮೂಲಿ ಹುರುಪೆ, ಬೆನ್ನಿನ ರೆಕ್ಕೆ ಚಿಕ್ಕದು. ಸಕ್ಕರ್ ಮೀನಿನ ಬೆನ್ನಿನ ರೆಕ್ಕೆ ಬಿಚ್ಚಿದರೆ ಹಾಯಿದೋಣಿಯ ಪಟದಷ್ಟು ದೊಡ್ಡದು. ಮೈ ಕಂದು ಕಪ್ಪು, ಚಿರತೆಯ ಥರ ಚುಕ್ಕೆ ಅಥವಾ ಹುಳು ಹರಿದಂಥ ಗೆರೆ, ಮುಟ್ಟಿದರೆ ಉಕ್ಕಿನ ಅರದ ಹಾಗೆ ಒರಟು. ಗಾರ ಇರೋದು ಹರಿಯೋ ಹಳ್ಳದಲ್ಲಿ, ಸಕ್ಕರ್ ಸಿಗೋದು ನಿಂತ ಕೆರೆ, ಹೊಂಡ, ಕೊಳಕು ಕಾಲುವೆಯಲ್ಲಿ.

ಹಾಗಾದರೆ ಮಾಡೋದೇನು?

1. ಪಾಚಿಗೆ ಮೂಲದಲ್ಲೇ ಮದ್ದು ಮಾಡಿ. ಕೊಟ್ಟಿಗೆ ನೀರು ಹೊಂಡಕ್ಕೆ ಬರದಂತೆ ಕಾಲುವೆ ತಿರುಗಿಸಿ. ಹೊಲದ ನೀರು ಒಳಬರೋ ಕಡೆ ಹೂಳುಗುಂಡಿ ತೆಗೆದು, ಅದರ ಮುಂದೆ ಹುಲ್ಲಿನ ಪಟ್ಟಿ ಬೆಳೆಸಿ. ಮೀನು ಸಾಕ್ತೀರಾ ಅಂದರೆ ಮೇವು ಅಳತೆ ಮೀರಿ ಸುರೀಬೇಡಿ, ರೋಹು, ಬೆಳ್ಳಿಗೆಂಡೆ ಸರಿಯಾದ ಲೆಕ್ಕದಲ್ಲಿ ಬಿಡಿ. ಪಾಚಿ ತಿಂದು ಬೆಳೆದ ಮೀನನ್ನು ಹಿಡಿದು ಮಾರಿದಾಗ ಒಂದಿಷ್ಟು ಗೊಬ್ಬರವೂ ಹೊಂಡದಿಂದ ಹೊರಹೋಗುತ್ತೆ. ನಿಜವಾದ ಕ್ಲೀನಿಂಗ್ ಅದು.

2. ಮೀನುಮರಿ ಕೊಳ್ಳುವಾಗ ಕಣ್ಣು ತೆರೆದಿರಿ. ಸಾಧ್ಯವಾದರೆ ಮೀನುಗಾರಿಕೆ ಇಲಾಖೆಯ ಮರಿ ಉತ್ಪಾದನಾ ಕೇಂದ್ರದಿಂದಲೇ ತನ್ನಿ. ಗಾಡಿಯಲ್ಲಿ ಮಾರೋಕೆ ಬಂದವರ ಹತ್ತಿರ ಕೊಂಡರೆ, ಹೊಂಡಕ್ಕೆ ಸುರಿಯೋ ಮೊದಲು ಬಿಳಿ ಟಬ್ಬಿಗೆ ಹಾಕಿ ನೋಡಿ. ತಳಕ್ಕೆ ಅಂಟಿ ಕೂತ ಕಪ್ಪು ಮರಿ ಕಂಡರೆ ತೆಗೆದುಬಿಡಿ.

3. ಹೊಂಡಕ್ಕೆ ನೀರು ಬರೋ ಬಾಯಿಗೂ ಹೋಗೋ ಬಾಯಿಗೂ ಸಣ್ಣ ಕಣ್ಣಿನ ಜಾಲರಿ ಕಟ್ಟಿ. ಮಳೆಗಾಲದಲ್ಲಿ ಕಸ ಕಟ್ಟಿಕೊಳ್ಳುತ್ತೆ, ಆಗಾಗ ಬಿಡಿಸ್ತಾ ಇರಬೇಕು.

4. ಸಕ್ಕರ್ ಮೀನು ಬಲೆಗೆ ಬಿದ್ದರೆ ವಾಪಸ್ ಬಿಡಬೇಡಿ, ಏರಿ ಮೇಲೂ ಎಸೆಯಬೇಡಿ. ಗಂಟೆಗಟ್ಟಲೆ ಒದ್ದಾಡೋಕೆ ಬಿಡೋದು ಕ್ರೂರತನ. ತಲೆಗೆ ಗಟ್ಟಿಯಾಗಿ ಒಂದೇ ಪೆಟ್ಟು ಕೊಟ್ಟು ಮುಗಿಸಿ, ನೀರಿನಿಂದ ದೂರ ಗುಂಡಿ ತೋಡಿ ಹೂಳಿ ಅಥವಾ ಗೊಬ್ಬರಕ್ಕೆ ಬಳಸಿ. ಬರಿಗೈಯಲ್ಲಿ ಹಿಡೀಬೇಡಿ, ದಪ್ಪ ಗೋಣಿ ಬಳಸಿ.

5. ಹೊಂಡ ಖಾಲಿ ಮಾಡೋ ಕಾಲದಲ್ಲಿ ಕಟ್ಟೆಯ ಸುತ್ತ ಒಮ್ಮೆ ನಡೆದು ನೋಡಿ. ಅಡ್ಡ ಬಿಲ ಕಂಡರೆ ಅಗೆದು ಮೀನು ತೆಗೆದು, ಮಣ್ಣು ತುಂಬಿ ಗುದ್ದಿ. ಹೊಂಡ ಪೂರ್ತಿ ಒಣಗಿ ಬಿರುಕು ಬಿಡೋವರೆಗೆ ಕಾದು, ಸುಣ್ಣ ಹಾಕಿ, ಆಮೇಲೆ ಹೊಸ ನೀರು, ಹೊಸ ಮರಿ.

6. ನಿಮ್ಮ ಕೈಲಿ ಫೋನಿದೆ. ಕೆರೆಯಲ್ಲಿ ಈ ಮೀನು ಸಿಕ್ಕರೆ ಬೆನ್ನಿನ ರೆಕ್ಕೆ ಮತ್ತು ಹೊಟ್ಟೆಯ ಭಾಗ ಎರಡೂ ಕಾಣೋ ಹಾಗೆ ಫೋಟೊ ತೆಗೀರಿ. ಕೆರೆಯ ಹೆಸರು, ದಿನಾಂಕ, ಎಷ್ಟು ಸಿಕ್ಕಿತು ಅಂತ ಬರೆದು ತಾಲ್ಲೂಕಿನ ಮೀನುಗಾರಿಕೆ ಅಧಿಕಾರಿಗೂ ಕೃಷಿ ವಿಜ್ಞಾನ ಕೇಂದ್ರಕ್ಕೂ ಕಳಿಸಿ. ಹೊಟ್ಟೆಯ ಮೇಲಿನ ಚುಕ್ಕೆ, ಗೆರೆಗಳಿಂದಲೇ ಯಾವ ಜಾತಿ ಅಂತ ತಿಳಿದವರು ಹೇಳ್ತಾರೆ. ದೆವ್ವದ ಮೀನು ಅಂತ ರೀಲ್ಸ್ ಮಾಡೋದಕ್ಕಿಂತ ಇದು ಸಾವಿರ ಪಾಲು ಮೇಲು.

ರೈತರ ಮೇಲಷ್ಟೇ ಹೊರೆ ಹಾಕಿದರೆ ನ್ಯಾಯವಲ್ಲ

ಇಷ್ಟೆಲ್ಲ ರೈತರಿಗೆ ಹೇಳಿದ ಮೇಲೆ ಬೇರೆಯವರ ಪಾಲನ್ನೂ ಹೇಳಬೇಕು. ಈ ಮೀನನ್ನು ನದಿ ಕೆರೆಗಳಿಗೆ ತಂದದ್ದು ಹೆಚ್ಚಾಗಿ ಅಲಂಕಾರಿಕ ಮೀನಿನ ವ್ಯಾಪಾರ. ಲಾಭ ಪೇಟೆಯಲ್ಲಿ, ನಷ್ಟ ಹಳ್ಳಿಯ ಕೆರೆಯಲ್ಲಿ. ಕೆರೆಯನ್ನು ಗುತ್ತಿಗೆಗೆ ಹಿಡಿದು ಮರಿ ಬಿಟ್ಟ ಮೀನುಗಾರರ ಸಂಘದವರಿಗೆ ಹರಿದ ಬಲೆಯ ದುಡ್ಡು ಯಾರು ಕೊಡ್ತಾರೆ? ಒಂದು ಬಲೆಗೆ ಸಾವಿರಾರು ರೂಪಾಯಿ ಬೀಳುತ್ತೆ, ಅದು ಹರಿದರೆ ಆ ವಾರದ ಸಂಪಾದನೆ ಹೋದಂತೆ.

ನನ್ನ ಅಭಿಪ್ರಾಯದಲ್ಲಿ ಸಕ್ಕರ್ ಮೀನಿನ ಮಾರಾಟವನ್ನೇ ರಾಜ್ಯದಲ್ಲಿ ನಿಲ್ಲಿಸಬೇಕು. ಅದಾಗೋವರೆಗೆ ಮಾರೋ ಅಂಗಡಿಯವರು ‘ಇದು ಒಂದೂವರೆ ಅಡಿ ಬೆಳೆಯುತ್ತೆ, ಕೆರೆಗೆ ಬಿಡಬಾರದು’ ಅಂತ ಬೋರ್ಡ್ ಹಾಕಬೇಕು, ಬೇಡವಾದ ಮೀನನ್ನು ವಾಪಸ್ ತಗೋಬೇಕು. ಕೆರೆ ಗುತ್ತಿಗೆಯ ಷರತ್ತಿನಲ್ಲಿ ಸಕ್ಕರ್ ಮೀನು ಸಿಕ್ಕರೆ ತಿಳಿಸಬೇಕು ಅಂತ ಒಂದು ಸಾಲು ಸೇರಿಸಿದರೆ ಖರ್ಚೇನೂ ಇಲ್ಲ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮಲ್ಲೊಬ್ಬರು ಎದ್ದು ನಿಂತು ಈ ಮಾತು ಎತ್ತಿ. ಹೂಳು, ಒತ್ತುವರಿ ಬಗ್ಗೆ ಮಾತಾಡೋ ಸಭೆಯಲ್ಲಿ ಕೆರೆಯೊಳಗೆ ಏನು ಬೆಳೀತಿದೆ ಅನ್ನೋದಕ್ಕೂ ಐದು ನಿಮಿಷ ಇರಲಿ.

ಮಣ್ಣಿನಲ್ಲಿ ತಪ್ಪು ಬೀಜ ಬಿತ್ತಿದರೆ ಮುಂದಿನ ಹಂಗಾಮಿಗೆ ಉತ್ತು ಸರಿಮಾಡಬಹುದು. ನೀರನ್ನು ಹಾಗೆ ಉಳೋಕೆ ಬರಲ್ಲ. ಇನ್ನು ಮೇಲೆ ಗ್ರೂಪಿನಲ್ಲಿ ಯಾರಾದರೂ ‘ನಾಲ್ಕು ಸಕ್ಕರ್ ಬಿಡಿ’ ಅಂದರೆ, ಬೈಯಬೇಡಿ, ಗೇಲಿ ಮಾಡಬೇಡಿ. ಈ ಮೀನು ಎಷ್ಟುದ್ದ ಬೆಳೆಯುತ್ತೆ, ಎಲ್ಲಿ ಬಿಲ ತೋಡುತ್ತೆ, ಸಂತೆಯಲ್ಲಿ ಅದರ ದರ ಎಷ್ಟು ಅಂತ ಮೂರು ಪ್ರಶ್ನೆ ಕೇಳಿ. ರೈತನಾದವನಿಗೆ ಆ ಮೂರೇ ಸಾಕು, ಮಿಕ್ಕಿದ್ದು ತಾನೇ ಅರ್ಥವಾಗುತ್ತೆ.